ಎಲೆಗೊಂದು ಸಟ್ಟುಗ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಕೈಯಲ್ಲಿರೋ ಫೋನು ಅತ್ತ ಇಡಿ. ಕಥೆ ಫೋನಿನೊಳಗಿನದೇ, ಆದರೆ ಕಿವಿಯಲ್ಲಿ ಕೇಳಬೇಕು.

ವೇದಾವತಿಯ ದಡದಲ್ಲೊಂದು ಆಶ್ರಮ. ಅಲ್ಲಿ ಮರುಳಯ್ಯನವರೆಂಬ ಗುರುಗಳು ಕಂಪ್ಯೂಟರ್ ವಿದ್ಯೆ ಹೇಳಿಕೊಡುತ್ತಿದ್ದರು. ಬರುವ ಯಾತ್ರಿಕರು ಕೋಣೆ ಹಿಡಿಯುವುದು ಆಶ್ರಮದ ವೆಬ್‌ಸೈಟಿನಲ್ಲಿ. ಹನ್ನೆರಡು ವರ್ಷದಿಂದ ಅದನ್ನು ನೋಡಿಕೊಂಡವನು ಹಿರಿಯ ಶಿಷ್ಯ ಉಮಾಪತಿ.

ಯಾತ್ರಿಕರ ಹೆಸರು, ಊರು, ಕೋಣೆ ಎಲ್ಲ ತುಂಬಿಟ್ಟ ಜಾಗಕ್ಕೆ ಡೇಟಾಬೇಸ್ ಅಂತಾರೆ. ನಾವು ಉಗ್ರಾಣ ಅನ್ನೋಣ. ಉಗ್ರಾಣಕ್ಕೆ ಅದರದೇ ಒಂದು ಭಾಷೆ. ಉಮಾಪತಿ ಆ ಭಾಷೆ ಕಲಿತು, ತಾನೇ ಒಳಹೊಕ್ಕು ಬೇಕಾದ್ದು ತರುತ್ತಿದ್ದ.

ಆಮೇಲೆ ಬಂದಳು ನೀಲಾಂಬಿಕೆ. ಅವಳು ನಡುವೆ ಓಆರ್‌ಎಂ ಅನ್ನೋ ಪ್ರೋಗ್ರಾಮನ್ನು ಉಗ್ರಾಣಿಯ ಹಾಗೆ ನಿಲ್ಲಿಸಿಕೊಂಡಳು. ತನ್ನ ಮಾತಲ್ಲಿ ಕೇಳಿದರೆ ಸಾಕು, ಅವನೇ ಉಗ್ರಾಣದ ಭಾಷೆಗೆ ತಿರುಗಿಸಿ ತಂದುಕೊಡುವನು. ಉಮಾಪತಿಗೆ ತಿಂಗಳು ಹಿಡಿಯುತ್ತಿದ್ದ ಕೆಲಸ ಅವಳಿಗೆ ವಾರದಲ್ಲಿ ಮುಗಿಯಿತು.

“ಭೇಷ್ ಮಗಳೇ,” ಎಂದರು ಗುರುಗಳು.

ಹನ್ನೆರಡು ವರ್ಷದಲ್ಲಿ ಉಮಾಪತಿಗೆ ಆ ಮಾತು ಒಂದು ಸಲವೂ ಸಿಕ್ಕಿರಲಿಲ್ಲ. ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ಅವತ್ತಿನಿಂದ ಊಟ ಸೇರಲಿಲ್ಲ.

“ಬುದ್ಧೀ, ನಡುವೆ ಈ ಉಗ್ರಾಣಿ ಯಾಕೆ? ನಾವೇ ಒಳಗೆ ಹೋದರಾಗದೇ?” ಎಂದು ಗುರುಗಳನ್ನು ಕೇಳಿದ.

“ನಿನಗೆ ಜ್ವರ ಬಂದಾಗ ಎಂಟು ದಿನ ಯಾರು ಹೋದರು?”

ಆ ಎಂಟು ದಿನ ಯಾರೂ ಹೋಗಿರಲಿಲ್ಲ.

“ಈ ಹುಣ್ಣಿಮೆ ಜಾತ್ರೆ ಸುಸೂತ್ರವಾಗಿ ಕಳೆದರೆ, ವೆಬ್‌ಸೈಟು ನೀಲಾಳ ಕೈಗೆ,” ಎಂದರು ಗುರುಗಳು.

ಉಮಾಪತಿ ಹುಳುಕು ಹುಡುಕಿಕೊಂಡೇ ಕೂತ. ಸಿಕ್ಕಿತು! ಉಗ್ರಾಣಿ ಮೊದಲು ಹೋಗಿ ಹೆಸರಿನ ಪಟ್ಟಿ ತರುತ್ತಿದ್ದ. ಆಮೇಲೆ ಒಬ್ಬೊಬ್ಬರ ಕೋಣೆ ಕೇಳಲು ಮತ್ತೆ ಮತ್ತೆ ಹೋಗುತ್ತಿದ್ದ. ಇಪ್ಪತ್ತು ಜನಕ್ಕಾದರೆ ತಡವಾದದ್ದು ಗೊತ್ತಾಗದು. ಹುಣ್ಣಿಮೆಗೆ ಬರುವವರು ಸಾವಿರ ಜನ.

ಅಷ್ಟರಲ್ಲಿ ನೀಲಾಳೇ ಬಂದಳು. “ಅಣ್ಣಾ, ಒಂದ್ಸಲ ನೋಡಿ ಹೇಳು. ತಪ್ಪಿದ್ರೆ ತಿದ್ಕೋತೀನಿ.”

“ಗುರುಗಳೇ ಭೇಷ್ ಅಂದಮೇಲೆ ನಾನ್ಯಾರಮ್ಮಾ?” ಎಂದ.

ಹುಣ್ಣಿಮೆ ಬಂತು. ವೆಬ್‌ಸೈಟು ನಿಂತೇಹೋಯಿತು. ಯಾರಿಗೆ ಯಾವ ಕೋಣೆ ಅಂತ ತಿಳಿಯದೆ, ಕಂಕುಳ ಕೂಸಿನವರು, ಕೋಲೂರುವವರು ಸುಡುಬಿಸಿಲಲ್ಲಿ ನಿಂತರು. ನೀಲಾ ಕಂಪ್ಯೂಟರಿನ ಮುಂದೆ ಕಣ್ಣೀರು ಹಾಕುತ್ತಿದ್ದಳು. ಕಂಬದ ಹಿಂದೆ ನಿಂತ ಉಮಾಪತಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಗುರುಗಳು ಮೊದಲು ನೂರು ಜನರನ್ನು ಒಳಗೆ ಕರೆದು ಎಲೆ ಹಾಕಿಸಿದರು.

“ಉಮಾಪತಿ, ಅನ್ನ ಬಡಿಸು. ಎಲೆಗೊಂದು ಸಟ್ಟುಗ. ಪ್ರತಿ ಎಲೆಗೂ ಅಡುಗೆಮನೆಗೆ ಹೋಗಿ ಬರಬೇಕು.”

ನಲವತ್ತನೇ ಎಲೆಗೆ ಬರುವಷ್ಟರಲ್ಲಿ ಅವನು ಬೆವರಿ ತೊಪ್ಪೆಯಾದ.

“ಏನಪ್ಪಾ, ಭತ್ತ ಕುಟ್ಟಿಸಿಕೊಂಡು ಬರ್ತಿದ್ದೀಯಾ?” ಎಂದಳೊಬ್ಬಳು ಮುದುಕಿ. ಸಾಲೆಲ್ಲ ನಕ್ಕಿತು.

ಆದರೆ ಉಮಾಪತಿಗೆ ಒಳಗೊಳಗೇ ಹಿಗ್ಗು. ಗುರುಗಳು ತನ್ನ ಪರ ಅಂದುಕೊಂಡ.

“ಗೊತ್ತಾಯ್ತು ಬುದ್ಧೀ! ನೀಲಾಳ ಉಗ್ರಾಣಿ ಮಾಡಿದ್ದೂ ಇದೇ ಪೆದ್ದುಕೆಲಸ. ಅನ್ನದ ಬುಟ್ಟಿಯನ್ನೇ ಎತ್ತಿಕೊಂಡು ಬಂದರೆ ಒಂದೇ ಸಲಕ್ಕೆ ಆಗೋದು. ನಾನು ನಾಲ್ಕು ದಿನದ ಹಿಂದೆಯೇ ನೋಡಿದ್ದೆ!”

ಉಣ್ಣುತ್ತಿದ್ದವರ ಕೈ ನಿಂತಿತು.

“ನಾಲ್ಕು ದಿನದ ಹಿಂದೆಯೇ?” ಎಂದರು ಗುರುಗಳು.

ಉಮಾಪತಿ ಹೊರಗೆ ಬಿಸಿಲಲ್ಲಿ ಇನ್ನೂ ನಿಂತಿದ್ದವರನ್ನು ನೋಡಿ, ಸಟ್ಟುಗ ಕೆಳಗಿಟ್ಟು ನೀಲಾಳ ಪಕ್ಕ ಹೋಗಿ ಕೂತ. “ಬರ್ಕೋ ತಂಗೀ. ಎಲ್ಲರ ಕೋಣೆನೂ ಒಟ್ಟಿಗೇ ತಾ ಅಂತ ಉಗ್ರಾಣಿಗೆ ಹೇಳು.”

ಒಂದೇ ಸಾಲು. ವೆಬ್‌ಸೈಟು ತೆರೆದುಕೊಂಡಿತು.

“ಮೊದಲೇ ಹೇಳಬಾರದಿತ್ತಾ ಅಣ್ಣಾ?”

“ಹೊಟ್ಟೆಕಿಚ್ಚು ಕಣಮ್ಮಾ,” ಎಂದ. ತಲೆ ಎತ್ತಲಿಲ್ಲ.

ವೆಬ್‌ಸೈಟು ಹುಣ್ಣಿಮೆ ಸುಸೂತ್ರವಾಗದಿದ್ದರೂ ನೀಲಾಳ ಕೈಗೇ ಹೋಯಿತು. ಉಗ್ರಾಣಿಯನ್ನು ಅವಳು ಬಿಡಲಿಲ್ಲ. ಅವನ ಕೈಲಾಗದ ಕಡೆ ತಾನೇ ಒಳಹೋಗಲು ಉಮಾಪತಿಯಿಂದ ಉಗ್ರಾಣದ ಭಾಷೆ ಕಲಿತಳು. ಉಮಾಪತಿಯ ಹೊಟ್ಟೆಕಿಚ್ಚು ಪೂರಾ ಆರಲಿಲ್ಲ. ಗುರುಗಳು ಯಾರನ್ನಾದರೂ ಹೊಗಳಿದ ದಿನ ಒಂದು ತುತ್ತು ಕಡಿಮೆ ಉಣ್ಣುತ್ತಿದ್ದ. ಆದರೆ ಕಂಡ ತಪ್ಪನ್ನು ಕಂಡ ಗಳಿಗೆಯಲ್ಲೇ ಹೇಳುತ್ತಿದ್ದ.

ಗುರುಗಳು ತೊಂಬತ್ತು ದಾಟಿದರು. ಉಗ್ರಾಣಿ ಬೇಕೋ ಬೇಡವೋ ಎಂದು ಕೇಳಲು ದೂರದೂರದಿಂದ ಬರುವವರಿಗೆಲ್ಲ ಅವರದು ಒಂದೇ ಉತ್ತರ:

“ಹೊರಗೆ ಎಷ್ಟು ಜನ ಕಾದು ನಿಂತಿದ್ದಾರೆ, ನೋಡಿಕೊಂಡು ಬಾ.”