ಪಾವಿನ ತೂಕ

ಅಡುಗೆಮನೆಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ದಿನ ಹಿತ್ತಾಳೆಯ ಪಾವಿಗೆ ಅಟ್ಟ ಸೇರುವ ಭಯ ಹಿಡಿಯಿತು. ಹಿಡಿಯದೆ ಇರುತ್ತದೆಯೇ? ಅಕ್ಕಿ ಅಳೆದೇ ಬಾಳಿದ ಜೀವ ಅದು. ಈಗಿನ ಅಡುಗೆಯೆಲ್ಲ ಗ್ರಾಂ ಲೆಕ್ಕ.

ಯಜಮಾನಿ ವಿಶಾಲಾಕ್ಷಮ್ಮ ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು, ಪಾತ್ರೆಯ ತೂಕ ಕಳೆಯುವ ಗುಂಡಿ ಒತ್ತಿದರು.

"ಸೊನ್ನೆ" ಎಂದಿತು ತಕ್ಕಡಿ.

"ಏನಯ್ಯಾ, ನಾನು ಸೊನ್ನೆಯೇ?" ಎಂದು ಪಾವು ಸಿಡುಕಿತು. ಅಷ್ಟರಲ್ಲಿ ಅವರು ಅದಕ್ಕೆ ಅಕ್ಕಿ ತುಂಬಿ ಮೇಲೆ ಸವರಿದರು.

"ಇನ್ನೂರು ಗ್ರಾಂ" ಎಂದಿತು ತಕ್ಕಡಿ.

ಸರಿ, ಇನ್ನು ಕೇಳಬೇಕೇ! "ನಾನು ಇನ್ನೂರು ಗ್ರಾಂ ಕಣ್ರಪ್ಪಾ!" ಎಂದು ಪಾವು ಸೌಟು, ಜರಡಿಗಳಿಗೆಲ್ಲ ಸಾರಿಕೊಂಡು ಬಂತು.

ಸಂಜೆ ನೆಂಟರು ಬಂದರು. ಒಗ್ಗರಣೆ ಹಾಕಲು ಇನ್ನೂರು ಗ್ರಾಂ ಮಂಡಕ್ಕಿ ಬೇಕಾಯಿತು.

"ತಕ್ಕಡಿಯ ಹಂಗೇಕೆ ತಾಯಿ? ನಾನೊಬ್ಬನೇ ಸಾಕು" ಎಂದಿತು ಪಾವು. ಪಾಪ, ವಿಶಾಲಾಕ್ಷಮ್ಮ ನಂಬಿದರು. ಒಂದು ಪಾವು ಮಂಡಕ್ಕಿ ಬಾಣಲೆಗೆ ಬಿದ್ದು, ಈರುಳ್ಳಿಯ ನಡುವೆ ಎಲ್ಲೋ ಮಾಯವಾಯಿತು.

"ಇದೇನೋ ಮಹರಾಯ, ನೆಂಟರಿಗೆ ಬರೀ ಈರುಳ್ಳಿ ಬಡಿಸಲೇ?" ಎಂದು ಅವರು ಮತ್ತೊಂದು ಪಾವು ಮಂಡಕ್ಕಿಯನ್ನು ತೂಗಿ ನೋಡಿದರು.

"ಇಪ್ಪತ್ತು" ಎಂದಿತು ತಕ್ಕಡಿ.

"ಸುಳ್ಳು! ಬೆಳಿಗ್ಗೆ ತಾನೇ ಇನ್ನೂರಿದ್ದೆ!" ಎಂದು ಪಾವು ಕೂಗಾಡಿತು.

ಡಬ್ಬಿಯೊಳಗಿಂದ ಅಕ್ಕಿ ಮೆಲ್ಲಗೆ ಹೇಳಿತು: "ಪಾವಣ್ಣಾ, ಆ ಇನ್ನೂರು ನಾನು."

ವಿಶಾಲಾಕ್ಷಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಣಲೆ ತುಂಬುವ ತನಕ ಅದೇ ಪಾವಿನಲ್ಲಿ ಮಂಡಕ್ಕಿ ಸುರಿದರು. ಅಂತೂ ಅಟ್ಟ ತಪ್ಪಿತು. ಈಗ ಯಾರಾದರೂ ತೂಕ ಕೇಳಿದರೆ ಪಾವು ವಿನಯದಿಂದ, "ಸ್ವಲ್ಪ ತಡೀರಿ, ಒಳಗೆ ಯಾರಿದ್ದಾರೆ ನೋಡಿ ಹೇಳ್ತೀನಿ" ಎನ್ನುತ್ತದೆ.