ಫಕೀರವ್ವನ ಎರಡು ಚೀಲ

ಎರೆ ಹೊಲದ ಒಂದು ಊರಿನಲ್ಲಿ ಇಪ್ಪತ್ತಮೂರು ಮನೆಯವರು ಸಂಘ ಕಟ್ಟಿಕೊಂಡು ಸಾವಯವ ಹತ್ತಿ ಬೆಳೆಯುತ್ತಿದ್ದರು. ಯಾರದೂ ದೊಡ್ಡ ಹೊಲವಲ್ಲ. ಒಬ್ಬರಿಗೆ ಎರಡು ಎಕರೆ, ಇನ್ನೊಬ್ಬರಿಗೆ ಮೂರು. ತಿಪ್ಪೆಗೊಬ್ಬರ ಬಿಟ್ಟು ಸರ್ಕಾರಿ ಗೊಬ್ಬರ ಹಾಕುವುದಿಲ್ಲ, ಹುಳ ಬಿದ್ದರೂ ಎಣ್ಣೆ ಹೊಡೆಯುವುದಿಲ್ಲ, ಜವಾರಿ ಬೀಜವನ್ನಲ್ಲದೆ ಬೇರೆಯದನ್ನು ಬಿತ್ತುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು. ಆ ಕಡೆಯವರ ಮಾತಿನಲ್ಲಿ ಸರ್ಕಾರಿ ಗೊಬ್ಬರ ಎಂದರೆ ರಾಸಾಯನಿಕ ಗೊಬ್ಬರ, ಎಣ್ಣೆ ಎಂದರೆ ಕ್ರಿಮಿನಾಶಕ.

ದೂರದ ಒಂದು ನೂಲಿನ ಗಿರಣಿ ಈ ಹತ್ತಿ ಕೊಳ್ಳಲು ಒಪ್ಪಿತ್ತು. ಆ ನೂಲಿನಲ್ಲಿ ಹಸುಗೂಸುಗಳ ಅಂಗಿ ನೇಯುತ್ತಿದ್ದರು. ಆದರೆ ಮಾತು ಕೊಟ್ಟ ದಿನವೇ ಹತ್ತಿ ಸಾವಯವ ಆಗಿಬಿಡುವುದಿಲ್ಲ. ನೆಲ ತನ್ನ ಹಳೆಯ ವಿಷ ಕಳೆದುಕೊಳ್ಳಲು ವರ್ಷಗಳು ಬೇಕು. ಎರಡು ವರ್ಷ ಅವರು ಸಾಮಾನ್ಯ ಬೆಲೆಗೇ ಹತ್ತಿ ಮಾರಿ ಕಾದರು. ಮೂರನೆಯ ವರ್ಷ ಅವರ ರಾಶಿಗೆ ಸಾವಯವ ಎಂಬ ಹೆಸರು ಸಿಗುವುದಿತ್ತು. ಹೆಸರು ಒಬ್ಬೊಬ್ಬರಿಗೆ ಬೇರೆ ಬೇರೆಯಲ್ಲ, ಇಪ್ಪತ್ತಮೂರು ಮನೆಗೂ ಸೇರಿ ಒಂದೇ. ಒಬ್ಬರು ತಪ್ಪಿದರೆ ಎಲ್ಲರೂ ತಪ್ಪಿದಂತೆ.

ಹೊಲಗಳನ್ನು ನೋಡಿಕೊಂಡು ಬರಲು ಊರವರು ಕಾಶವ್ವನನ್ನು ಆರಿಸಿದ್ದರು. ಅವಳು ಏಳನೆಯ ತರಗತಿಯವರೆಗೆ ಓದಿದವಳು, ನೋಡಿದ್ದನ್ನು ನೋಡಿದ ಹಾಗೆ ಹೇಳುವವಳು. ಹದಿನೈದು ದಿನಕ್ಕೊಮ್ಮೆ ಪ್ರತಿ ಹೊಲದ ಬದು ತುಳಿದು ಬರುತ್ತಿದ್ದಳು. ಪ್ರತಿ ಮನೆಯಲ್ಲೂ ಒಂದು ಡೈರಿ ಇತ್ತು. ಇಂದು ಸಾಲುಗಳ ನಡುವೆ ಎಡೆ ಹೊಡೆದೆವು, ಇಂದು ಕಳೆ ತೆಗೆದೆವು ಎಂದು ಅದರಲ್ಲಿ ದಿನವೂ ಬರೆಯಬೇಕು. ಕಾಶವ್ವ ಅದನ್ನು ಓದಿ ಸಹಿ ಹಾಕುತ್ತಿದ್ದಳು.

ಆ ಮೂರನೆಯ ವರ್ಷ ಕಾರ್ತಿಕದಲ್ಲಿ ಸಂಘದ ಫಕೀರವ್ವನ ಗಂಡ ತೀರಿಕೊಂಡ. ಅವಳ ಡೈರಿಯಲ್ಲಿ ಹತ್ತೊಂಬತ್ತು ಹಾಳೆ ಖಾಲಿ ಇದ್ದವು. ಕಾಶವ್ವ ಏನೂ ಕೇಳಲಿಲ್ಲ. ಖಾಲಿ ಹಾಳೆಯ ಕೆಳಗೂ ಸಹಿ ಹಾಕಿದಳು. ಇಪ್ಪತ್ತನೆಯ ಹಾಳೆಯಲ್ಲಿ ಫಕೀರವ್ವ ಬರೆದಿದ್ದಳು: ಹೊಲಕ್ಕೆ ಹೋದೆ. ಕಳೆ ಮೊಣಕಾಲು ಮಟ ಬೆಳೆದಿದೆ.

ಗಿರಣಿಯದು ಒಂದು ನಿಯಮವಿತ್ತು. ಪ್ರತಿ ಮನೆಯಿಂದ ಎರಡು ಚೀಲಕ್ಕೆ ಕಡಿಮೆಯಿಲ್ಲದಂತೆ ಹತ್ತಿ ಬರಬೇಕು. ಕಡಿಮೆಯಾದರೆ ಮರುವರ್ಷ ಆ ಮನೆಯ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಸುಗ್ಗಿ ಬಂತು. ಹೆಂಗಸರು ಸೀರೆಯ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸಿದರು. ಪ್ಲಾಸ್ಟಿಕ್ ಎಳೆ ಸೇರದಿರಲೆಂದು ಬಟ್ಟೆಯ ಚೀಲದಲ್ಲೇ ತುಂಬಿದರು. ಕಳೆ ತಿಂದ ಹೊಲದಿಂದ ಒಂದು ಚೀಲ ಬಂದರೆ ಹೆಚ್ಚು ಎಂದು ಕಾಶವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಆದರೆ ಫಕೀರವ್ವನ ಚಕ್ಕಡಿಯಿಂದ ಬಾಯಿ ತುಂಬಿದ ಎರಡು ಚೀಲ ಇಳಿದವು. ಕಾಶವ್ವನಿಗೆ ಎದೆ ಹಗುರಾಯಿತು. 'ಹೆಂಗ ಬಂತವ್ವಾ ಇಷ್ಟು?' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಪಾಪ, ಹೇಗೋ ಬಂತಲ್ಲ ಎಂದುಕೊಂಡು ಮುಂದೆ ನಡೆದಳು.

ಸಂಘದ ಮನೆಯ ಪಡಸಾಲೆಯಲ್ಲಿ ಎಲ್ಲರ ಚೀಲಗಳನ್ನೂ ಒಂದೇ ರಾಶಿಗೆ ಸುರಿದರು. ಹೆಂಗಸರು ಸುತ್ತ ಕುಳಿತು ಒಣಗಿದ ಎಲೆ, ಸಿಪ್ಪೆ ಆರಿಸತೊಡಗಿದರು. ಮೂರನೆಯ ದಿನ ಗಿರಣಿಯ ಪರವಾಗಿ ಹತ್ತಿ ಪರೀಕ್ಷಿಸುವ ಮುನವಳ್ಳಿ ಸಾಹೇಬರು ಲಾರಿ ತರುವವರಿದ್ದರು.

ಆರಿಸುತ್ತಿದ್ದ ಕಾಶವ್ವನ ಕೈಗೆ ಒಂದು ಹತ್ತಿಯ ತೊಳೆ ಬಂತು. ಅದು ಉಳಿದವಕ್ಕಿಂತ ದಪ್ಪವಾಗಿತ್ತು, ಹೆಚ್ಚು ಬಿಳುಪಾಗಿತ್ತು. ಒಳಗಿನ ಬೀಜ ಒತ್ತಿ ನೋಡಿದಳು. ಜವಾರಿ ಬೀಜ ಚಿಕ್ಕದು. ಇದು ದೊಡ್ಡದು, ಪೇಟೆಯ ಬೀಜ. ಇನ್ನೊಂದು ಹಿಡಿ ತೆಗೆದಳು. ಅದರಲ್ಲೂ ನಾಲ್ಕು ಸಿಕ್ಕವು. ರಾಶಿಯ ಆ ಕಡೆ ಹೋಗಿ ಕೈ ಹಾಕಿದಳು. ಅಲ್ಲೂ ಇದ್ದವು.

ಅವಳು ಎದ್ದು ನೇರವಾಗಿ ಫಕೀರವ್ವನ ಮನೆಗೆ ಹೋದಳು.

"ತಂಗೀ, ನಿನ್ನ ಚೀಲ ಹೆಂಗ ತುಂಬಿದ್ವು?"

ಫಕೀರವ್ವ ಮುಚ್ಚಿಡಲಿಲ್ಲ. "ಚನವೀರಜ್ಜ ಆರು ಬುಟ್ಟಿ ಹಾಕಿದ, ಅಕ್ಕಾ. ನಮ್ಮ ಪದ್ಧತಿ ನಿನಗ ಗೊತ್ತೈತೆಲ್ಲ."

ಕಾಶವ್ವನಿಗೆ ಗೊತ್ತಿತ್ತು. ಸಾವಾದ ಮನೆಯ ಮೊದಲ ಸುಗ್ಗಿಯ ಚೀಲ ಬಾಯಿ ತಗ್ಗಿ ಊರು ದಾಟಬಾರದು. ಬದುವಿನ ಆಚೆಯ ಹೊಲದವರು ಅದನ್ನು ತುಂಬಿಕೊಡಬೇಕು. ಕೊಟ್ಟವರು ಹೇಳಬಾರದು, ತೆಗೆದುಕೊಂಡವರು ಬೇಡವೆನ್ನಬಾರದು. ಕಾಶವ್ವನ ಮಾವ ಸತ್ತ ವರ್ಷ ಅವಳ ಮನೆಯ ಜೋಳದ ಚೀಲವೂ ಹೀಗೇ ತುಂಬಿತ್ತು. ಆದರೆ ಫಕೀರವ್ವನ ಬದುವಿನ ಆಚೆಯ ಚನವೀರಜ್ಜ ಸಂಘದವನಲ್ಲ. ಅವನ ಹೊಲಕ್ಕೆ ಆ ವರ್ಷ ಐದು ಸಲ ಎಣ್ಣೆ ಬಿದ್ದಿತ್ತು.

"ನನಗ ಹೊಳೀಲೇ ಇಲ್ಲ ಅಕ್ಕಾ," ಎಂದಳು ಫಕೀರವ್ವ. "ಅಜ್ಜ ಬುಟ್ಟಿ ಹೊತಗೊಂಡು ಬಂದಾಗ ನಮ್ಮ ಮನಿಯವರ ನೆನಪಾತು. ಬ್ಯಾರೆ ಏನೂ ಹೊಳೀಲಿಲ್ಲ."

ಕಾಶವ್ವ ಅವಳ ಕೈ ಒತ್ತಿ ಎದ್ದಳು. ಆಮೇಲೆ ಸಂಘದ ಹಿರಿಯ ಸಂಗನಬಸಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದಳು.

ಸಂಗನಬಸಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ಯಾರ್ ಯಾರಿಗೆ ಹೇಳೀದಿ?"

"ಯಾರಿಗೂ ಇಲ್ಲಣ್ಣ. ನಿನಗ ಮೊದಲು."

"ಹಂಗಾದ್ರ ನನಗ ಕಡೀದೂ ಆಗಲಿ. ಐವತ್ತು ಚೀಲದ ರಾಶಿ. ಅದರಾಗ ಆರು ಬುಟ್ಟಿ ಅಂದ್ರ ಕೆರೀಗೆ ಒಂದು ಚರಗಿ ನೀರು. ಯಾರು ಹುಡುಕತಾರ?"

"ನಾನು ಹುಡುಕಿದೆನಲ್ಲ."

"ನಿನ್ನ ಬಾಯಾಗ ಎಳ್ಳಕಾಳು ನೆನಿಯೂದಿಲ್ಲ, ಅದ ನಮ್ಮ ದೈವ." ಸಂಗನಬಸಪ್ಪ ಎದ್ದು ಉಗಿದು ಬಂದು ಮೆಲ್ಲಗೆ ಹೇಳಿದ, "ಕಾಶವ್ವಾ, ಮೂರು ವರ್ಷ ಹುಳ ಕೈಲೆ ಆರಿಸೇವಿ. ಇಪ್ಪತ್ತಮೂರು ಮನಿ ಕಾಯಲಿಕ್ಕತ್ತಾವು. ಅದನ್ನೂ ಬಿಡು. ಆ ಹೆಣ್ಣಮಗಳ ಹೆಸರು ಪಟ್ಟ್ಯಾಗಿಂದ ತಗೀತಾರ. ಗಂಡನ ಕಳಕೊಂಡಾಕಿ, ಸಂಘಾನೂ ಕಳಕೋಬೇಕೇನು?"

ಕಾಶವ್ವ ಹೊರಗೆ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತಳು. ಸುಮ್ಮನಿರುವುದು ಸುಲಭ. ಹತ್ತಿ ಲಾರಿ ಏರುತ್ತದೆ, ಜಿನ್ ಯಂತ್ರಕ್ಕೆ ಹೋಗುತ್ತದೆ, ಬೀಜ ಬೇರೆಯಾಗುತ್ತದೆ, ಆಮೇಲೆ ಯಾವ ಕಣ್ಣಿಗೂ ಏನೂ ಕಾಣುವುದಿಲ್ಲ. ಎಲ್ಲೋ ಒಬ್ಬ ತಾಯಿ ಅಂಗಿಯ ಮೇಲಿನ ಚೀಟಿ ಓದಿ, ನಂಬಿ, ಮಗುವಿಗೆ ತೊಡಿಸುತ್ತಾಳೆ. ಆ ತಾಯಿ ಈ ಊರಿಗೆ ಬಂದು ಹೊಲ ನೋಡುವುದಿಲ್ಲ. ಅವಳ ಪರವಾಗಿ ನೋಡಲೆಂದೇ ತನ್ನನ್ನು ಆರಿಸಿದ್ದಾರೆ. ಎರಡು ತುಂಬಿದ ಚೀಲ ಕಂಡ ದಿನ ತಾನು ಒಂದು ಮಾತು ಕೇಳಿದ್ದರೆ, ಹೋಗುತ್ತಿದ್ದುದು ಆರು ಬುಟ್ಟಿ. ಕೇಳಲಿಲ್ಲ. ಈಗ ಐವತ್ತು ಚೀಲ.

ಸುದ್ದಿ ಹೇಗೋ ಚನವೀರಜ್ಜನಿಗೆ ಮುಟ್ಟಿತು. ಅವನು ಕೋಲು ಊರಿಕೊಂಡು ಬಂದ.

"ಏನಬೇ ಕಾಶವ್ವಾ, ನನ್ನ ಹತ್ತಿ ತಾಗಿ ನಿಮ್ಮ ರಾಶಿ ಮೈಲಿಗಿ ಆತಂತಲ್ಲ? ಈ ಧೋತರ ಅದ ಹತ್ತೀದು. ನಾನೇನು ಸತ್ತೇನೇನು?"

"ಅಜ್ಜಾ, ನಿನ್ನ ಹತ್ತಿಗೂ ನಿನ್ನ ಮನಸ್ಸಿಗೂ ನಾ ಏನೂ ಅನ್ನೂದಿಲ್ಲ. ಆದ್ರ ನಾಳೆ ಸಾಹೇಬರು ಬಂದು 'ಈ ರಾಶೀಗೆ ಎಣ್ಣಿ ತಾಗಿಲ್ಲ ಹೌದಲ್ಲೊ' ಅಂತ ಕೇಳತಾರ. ನಾ ಏನು ಹೇಳ್ಲಿ? ನೀನ ಹೇಳು."

ಅಜ್ಜ ಕೋಲನ್ನು ಕಟ್ಟೆಗೆ ಒರಗಿಸಿ ಕುಳಿತ. "ಐದು ಸಲ ಹೊಡದೇನಿ," ಎಂದ. "ಸುಳ್ಳ ಹೇಳಬ್ಯಾಡ."

ಮರುದಿನ ಲಾರಿ ಬಂತು. ಮುನವಳ್ಳಿ ಸಾಹೇಬರು ರಾಶಿಯ ಮುಂದೆ ನಿಂತು ಕೇಳುವ ಮೊದಲೇ ಕಾಶವ್ವ ಹೇಳಿದಳು. ಬುಟ್ಟಿ ಎಷ್ಟು, ಯಾರದು, ಯಾಕೆ, ತಾನು ಎಲ್ಲಿ ಕಣ್ಣು ಮುಚ್ಚಿಕೊಂಡೆ, ಎಲ್ಲವನ್ನೂ ಹೇಳಿದಳು. ಸಂಗನಬಸಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

ಸಾಹೇಬರು ಒಂದು ಹಿಡಿ ಹತ್ತಿ ತೆಗೆದು ಬೀಜ ಒತ್ತಿ ನೋಡಿದರು. "ಈ ರಾಶಿಗೆ ಸಾವಯವದ ಹೆಸರು ಕೊಡಲಿಕ್ಕೆ ಬರೂದಿಲ್ರಿ. ಒಂದೊಂದ ತೊಳಿ ಆರಿಸಿದ್ರೂ, ಪೂರಾ ಹೋತು ಅಂತ ಯಾರೂ ಆಣಿ ಮಾಡಲಿಕ್ಕಾಗೂದಿಲ್ಲ. ಸಾಮಾನ್ಯ ಹತ್ತಿ ಅಂತ ಒಯ್ಯಬಹುದು."

ರಾಶಿಯ ಆ ಕಡೆ ಕುಳಿತಿದ್ದ ಒಬ್ಬ ಹೆಂಗಸು ಆರಿಸುವುದನ್ನು ಬಿಟ್ಟು ಎದ್ದು ಹೋದಳು.

"ಅಜ್ಜನ ಮನಸ್ಸು ಒಳ್ಳೇದ," ಎಂದರು ಸಾಹೇಬರು. "ಆದ್ರ ಬುಟ್ಟಿ ಯಾಕ ಬೇಕಾತು? ಒಂದ ಚೀಲ ತಂದಿದ್ರ ಆಗತಿರಲಿಲ್ಲೇನು?"

ಕಾಶವ್ವ ತಲೆಯೆತ್ತಿ ಅವರನ್ನೇ ನೋಡಿದಳು. "ನೀವ ಬ್ಯಾಡ ಅಂದೀರಲ್ರಿ. ಎರಡು ಚೀಲಕ್ಕ ಕಡಿಮಿ ಆದ್ರ ಹೆಸರು ತಗೀತೇವಿ ಅಂತ ನಿಮ್ಮ ಕಾಗದದಾಗ ಐತಿ. ನಿಜಾ ಹೇಳ್ರಿ ಅಂತೀರಿ. ನಿಜ ಹೇಳಿದಾಕೀಗೆ ಬಾಗಿಲು ಹಾಕತೀರಿ. ಬಡವರು ಯಾವ ಕಡೆ ಹೋಗಬೇಕ್ರಿ?"

ಸಾಹೇಬರು ಫಕೀರವ್ವನ ಡೈರಿ ತರಿಸಿದರು. ಹಾಳೆ ತಿರುವುತ್ತ ಕಾರ್ತಿಕಕ್ಕೆ ಬಂದರು. ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಇವು ಯಾಕ ಹಿಂಗ?"

"ಆಗ ಹೊಲಕ್ಕ ಹೋಗಿಲ್ರಿ," ಎಂದಳು ಫಕೀರವ್ವ.

ಸಾಹೇಬರು ಡೈರಿ ಮುಚ್ಚಿದರು. "ಹತ್ತು ವರ್ಷ ಆತು ನಾ ಇಂಥ ಡೈರಿ ನೋಡಲಿಕ್ಕತ್ತು. ಒಂದರಾಗೂ ಒಂದ ಹಾಳಿ ಖಾಲಿ ಇರೂದಿಲ್ಲ. ಮನ್ಯಾಗ ಹೆಣ ಬಿದ್ದ ದಿನಾನೂ ಕಳೆ ತಗದೇವಿ ಅಂತ ಬರದಿರತಾರ. ಅದನ್ನ ಓದಿ ನಾನೂ ಸರಿ ಅಂತ ಬರೀತೇನಿ." ಅವರು ಡೈರಿಯನ್ನು ಎರಡೂ ಕೈಯಿಂದ ಫಕೀರವ್ವನಿಗೆ ಕೊಟ್ಟರು. "ಆ ಎರಡು ಚೀಲದ ನಿಯಮ ಲಾರಿ ಖರ್ಚು ಉಳಿಸಲಿಕ್ಕೆ ನಾವ ಮಾಡಿದ್ದು. ಅದನ್ನ ತಗೀರಿ ಅಂತ ನಾ ಗಿರಣ್ಯಾಗ ಕೇಳತೇನಿ. ಆಗತೈತಿ ಅಂತ ಮಾತು ಕೊಡೂದಿಲ್ಲ. ಕೇಳತೇನಿ ಅಂತ ಕೊಡತೇನಿ."

ಹತ್ತಿ ಸಾಮಾನ್ಯ ಬೆಲೆಗೆ ಹೋಯಿತು. ಆ ಬೇಸಗೆ ಕಾಶವ್ವನಿಗೆ ಹಗುರವಾಗಿರಲಿಲ್ಲ. ಯುಗಾದಿಯ ಬೇವು ಬೆಲ್ಲ ಕೊಡಲು ಹೋದಾಗ ಎರಡು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಸಂಗನಬಸಪ್ಪ ಎದುರು ಬಂದರೆ ಎತ್ತಿನ ಕೊರಳು ನೋಡುತ್ತ ದಾಟುತ್ತಿದ್ದ. ಅವಳು ಯಾರನ್ನೂ ದೂರಲಿಲ್ಲ. ಅವರ ಮೂರು ವರ್ಷ ಅವಳ ಒಂದು ಮಾತಿನಿಂದ ಹೋಗಿತ್ತು, ಅದು ನಿಜವಾದ ಮಾತಾಗಿದ್ದರೂ.

ಮುಂಗಾರು ಶುರುವಾಗುವ ಹೊತ್ತಿಗೆ ಗಿರಣಿಯಿಂದ ಕಾಗದ ಬಂತು. ಊರಿನ ಹೆಸರನ್ನು ಅವರು ಕೈಬಿಟ್ಟಿರಲಿಲ್ಲ. ತಪ್ಪನ್ನು ತಾವೇ ಹೇಳಿದ ಊರು ಎಂದು ಬರೆದಿದ್ದರು. ಎರಡು ಚೀಲದ ನಿಯಮ ತೆಗೆದುಹಾಕಿದ್ದರು. ಬೆಳೆದದ್ದು ಎಷ್ಟೇ ಇರಲಿ, ಅಷ್ಟನ್ನೇ ತನ್ನಿ. ಬೆಳೆ ಕೈಕೊಟ್ಟ ಮನೆಯ ಹೆಸರು ಪಟ್ಟಿಯಲ್ಲೇ ಇರುತ್ತದೆ. ಆ ಕಾಗದವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದವನು ಸಂಗನಬಸಪ್ಪ. ಓದಿ ಮುಗಿಸಿ, "ಕಾಶವ್ವಾ, ಚಹಾ ಕುಡದು ಹೋಗು," ಎಂದ. ಅಷ್ಟೇ.

ಊರವರೂ ತಮ್ಮ ಪದ್ಧತಿ ಬಿಡಲಿಲ್ಲ, ಸ್ವಲ್ಪ ತಿರುಗಿಸಿಕೊಂಡರು. ಕಷ್ಟದ ಮನೆಗೆ ಇನ್ನು ಬುಟ್ಟಿ ಬೇಡ, ಹೊಲದ ಕೆಲಸಕ್ಕೆ ಕೈ ಸೇರಿಸೋಣ ಎಂದರು. ಚೀಲ ರಾಶಿಗೆ ಬೀಳುವ ಮೊದಲು ಎಲ್ಲರ ಮುಂದೆ ಬಾಯಿ ಬಿಚ್ಚಬೇಕು ಎಂದೂ ಒಪ್ಪಿದರು.

ಮರುವರ್ಷದ ಸುಗ್ಗಿಗೆ ಫಕೀರವ್ವ ಎಲ್ಲರಿಗಿಂತ ಮೊದಲು ಬಂದಳು. ಗಂಡನಿಲ್ಲದೆ ದುಡಿದ ಹೊಲ. ಒಂದು ಚೀಲ ತುಂಬಿತ್ತು, ಇನ್ನೊಂದು ಅರ್ಧಕ್ಕೆ ಜೋತು ಬಿದ್ದಿತ್ತು. ಅವಳು ಎರಡರ ಬಾಯನ್ನೂ ಬಿಚ್ಚಿ ನಿಂತಳು. ಕಾಶವ್ವ ಕೈ ಹಾಕಿ ಬೀಜ ಒತ್ತಿ ನೋಡಿದಳು. ಆಮೇಲೆ ಹಿಂದಿನ ವರ್ಷ ನಾಲಿಗೆಯ ತುದಿಯಲ್ಲೇ ಉಳಿದಿದ್ದ ಮಾತನ್ನು ಕೇಳಿದಳು.

"ಹೆಂಗ ಬಂತವ್ವಾ ಇಷ್ಟು?"

"ಹೊಲ ನಂದು, ಹತ್ತಿ ನಂದು," ಎಂದಳು ಫಕೀರವ್ವ. "ಮನಿಯವರು ಹೋದ ಕಾರ್ತಿಕ ಮತ್ತ ಬಂದಾಗ ನನಗ ಕೈಕಾಲು ಆಡಲಿಲ್ಲ. ಎಂಟು ದಿನ ಚನವೀರಜ್ಜ ಬಂದು ಕಳೆ ತಗದ. ಡೈರ್ಯಾಗ ಅವನ ಹೆಸರಲೇ ಬರದೇನಿ. ಓದಿ ನೋಡಿ ಸಹಿ ಹಾಕು."

ನೀತಿ: ಕರುಣೆಯಿಂದ ಮಾಡಿದರೂ ಸುಳ್ಳು ಸುಳ್ಳೇ. ಅದನ್ನು ಕಂಡವರು ಹೇಳಲೇಬೇಕು. ಆದರೆ ಪ್ರಾಮಾಣಿಕತೆಯನ್ನು ಕೇಳುವವರು, ಪ್ರಾಮಾಣಿಕನಾದವನು ಬದುಕಲು ಜಾಗವನ್ನೂ ಬಿಡಬೇಕು. ಬೆಳೆದವರ ಸತ್ಯ, ಕೊಳ್ಳುವವರ ನ್ಯಾಯ ಎರಡೂ ಸೇರಿದಲ್ಲಿ ಮಾತ್ರ ನಂಬಿಕೆ ನಿಲ್ಲುತ್ತದೆ.