ಚುಕ್ಕೆ ಕಳೆದುಕೊಂಡ ಚಿಟ್ಟೆ

ಏಳನೇ ಕ್ಲಾಸಿನ ಪರೀಕ್ಷೆಗೆ ಎರಡು ದಿನವಿದ್ದ ಬುಧವಾರ ನಾನು ಮೊದಲ ಸಲ ಊರು ಬಿಟ್ಟೆ. ಅಂದಿನಿಂದ ನೆರಳು ಸಿಕ್ಕಲ್ಲಿ ಕೂರುವುದೇ ಬಾಳು. ಇವತ್ತು ಕೂತದ್ದು ಎಕ್ಕದ ಗಿಡದ ಪಕ್ಕ. ಗಿಡದ ಮೇಲೆ ಓತಿಕ್ಯಾತವೊಂದು ಕಿತ್ತಳೆ ಬಣ್ಣದ ಚಿಟ್ಟೆಯನ್ನು ಕಾಲಡಿ ಅದುಮಿ ಹಿಡಿದಿತ್ತು.

"ತಡಿಯಪ್ಪ, ನಾನು ಎಕ್ಕದ ಎಲೆ ಮೇದು ಬೆಳೆದವಳು. ಕಹಿ," ಎಂದಿತು ಚಿಟ್ಟೆ.

"ಸಿಕ್ಕಿಬಿದ್ದವರೆಲ್ಲ ಕಹಿಯೇ ಕಣಮ್ಮ. ಗೋಣಿಸೊಪ್ಪು ತಿಂದು ಬೆಳೆದ ರುಚಿಯಾದವಳೂ ನಿನ್ನದೇ ಬಣ್ಣದ ಸೀರೆ ಉಟ್ಟು ತಿರುಗ್ತಾಳೆ. ಹಿಂದಿನ ರೆಕ್ಕೆ ತೋರಿಸು. ಮೂರು ಕಪ್ಪು ಚುಕ್ಕೆ ಇದ್ದರೆ ಕಹಿ, ಅಂಚಿನಲ್ಲಿ ಒಂದೇ ಇದ್ದರೆ ಊಟ."

ಚಿಟ್ಟೆ ರೆಕ್ಕೆ ಬಿಚ್ಚಿತು. ಎಡಗಡೆಯದು ಹರಿದುಹೋಗಿತ್ತು. ಬಲಗಡೆ ಅಂಚಿನಲ್ಲಿ ಒಂದೇ ಚುಕ್ಕೆ ಉಳಿದಿತ್ತು.

"ಒಂದೇ," ಎಂದಿತು ಓತಿ.

"ಉಳಿದವನ್ನು ಬೆಳಿಗ್ಗೆ ಕಾಜಾಣ ಕಚ್ಚಿ ಉಗುಳಿತು. ಅದಕ್ಕೂ ಮುಂಚೆ ನಿನ್ನ ಭಾವ."

"ಅದು ನನಗೆ ಹೇಗೆ ಗೊತ್ತಾಗಬೇಕು?" ಎಂದು ಓತಿ ಕಚ್ಚಿಯೇ ಬಿಟ್ಟಿತು. ಮರುಗಳಿಗೆ ಉಗುಳಿ, ಬಾಯನ್ನು ಕೊಂಬೆಗೆ ಒರೆಸಿಕೊಂಡಿತು. "ನಿಜ ಹೇಳಿದೆ ತಾಯಿ. ಇನ್ನು ಹೋಗು."

ಕೊನೆಯ ಚುಕ್ಕೆ ಓತಿಯ ತುಟಿಗೆ ಅಂಟಿತ್ತು.

"ಹೋಗ್ತೀನಿ. ಮುಂದಿನ ಗಿಡದವನೂ ಚುಕ್ಕೆ ಕೇಳ್ತಾನೆ," ಎಂದು ಚಿಟ್ಟೆ ವಾಲುತ್ತ ಹಾರಿತು.

ಈ ಊರಿನ ಗ್ಯಾರೇಜಿನ ಮೇಸ್ತ್ರಿ, ನನ್ನಿಂದ ಮೂರು ಇಂಜಿನ್ ರಿಪೇರಿ ಮಾಡಿಸಿ ಭೇಷ್ ಅಂದಮೇಲೂ, ಶಾಲೆಯ ಕಾಗದ ತಂದರೆ ಕೆಲಸ ಅಂದಿದ್ದ. ನಾನು ಕಂಬಳಿ ಸುತ್ತಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿ ಎದ್ದೆ.